ಗಾಡಿ ಮಾತು: ತಾತನ ಫಾರ್ಗೋಗೆ ಗೇರು ಬೀಳ್ತಿಲ್ಲ

ಈ ಸಲ ಬಂದ ಕಾಗದಗಳಲ್ಲಿ ಮೊದಲನೇದೇ ನನ್ನ ಇಡೀ ಪುಟ ತಿಂದು ಹಾಕ್ತು, ಅದಕ್ಕೆ ಉಳಿದವರಿಗೆ ಚಿಕ್ಕದಾಗಿ ಉತ್ತರ ಕೊಟ್ಟಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಆಲ್ದೂರು ಹತ್ರ ಒಂದು ಚಿಕ್ಕ ತೋಟ. ತಾತ 1960ರ ದಶಕದಲ್ಲಿ ಸೆಕೆಂಡ್‌ಹ್ಯಾಂಡಲ್ಲಿ ತಗೊಂಡಿದ್ದ ಫಾರ್ಗೋ ಲಾರಿ ಹಳೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ಶೆಡ್ಡಲ್ಲಿ ಕೋಳಿ ಕೂರೋ ಜಾಗ ಆಗಿತ್ತು, ಚಿಕ್ಕಪ್ಪ ಹಠ ಹಿಡಿದು ಹಾಸನದಿಂದ ಮೇಸ್ತ್ರಿ ಕರೆಸಿ ಎಂಜಿನ್ ಕೆಲಸ ಎಲ್ಲಾ ಮಾಡಿಸಿದ್ರು, ಈಗ ಸೂಪರ್ ಆಗಿ ಸ್ಟಾರ್ಟ್ ಆಗುತ್ತೆ. ನಾನು ಎಂಟು ವರ್ಷದಿಂದ ಜೀಪು, ಪಿಕಪ್ಪು ಎಲ್ಲಾ ಓಡಿಸ್ತಿದೀನಿ. ಆದ್ರೆ ಇದರಲ್ಲಿ ಗೇರು ಹಾಕೋಕೆ ಹೋದ್ರೆ ಗರ್‍ರ್ ಅಂತ ಕಿರುಚುತ್ತೆ, ಸೆಕೆಂಡಿಂದ ಥರ್ಡಿಗೆ ಹೆಂಗೋ ಹೋಗುತ್ತೆ, ಥರ್ಡಿಂದ ಸೆಕೆಂಡಿಗೆ ಇಳಿಸೋದಂತೂ ಆಗೋದೇ ಇಲ್ಲ, ಗಾಡಿ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ತೋಟದ ಕೆಲಸದವರ ಲೈನ್ ಮನೆ ಹುಡುಗ್ರು ಸಾಲಾಗಿ ಕೂತ್ಕೊಂಡು ನಗ್ತಾರೆ. ಮೇಸ್ತ್ರಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ, ಚಿಕ್ಕಪ್ಪ ನಿಂಗೆ ಓಡ್ಸೋಕೆ ಬರಲ್ಲ ಅಂತಾರೆ. ಯಾರ ಮಾತು ಸರಿ?

ಉತ್ತರ: ಚಿಕ್ಕಪ್ಪಂದು ತಮ್ಮಾ. ಮುಕ್ಕಾಲು ಪಾಲು ಅಂತೂ ಅವರ್ದೇ ಸರಿ.

ಮೇಸ್ತ್ರಿಗೂ ಕಾಲು ಪಾಲು ಕೊಡೋಣ. ಅದಕ್ಕೆ ಒಂದು ಪರೀಕ್ಷೆ ಇದೆ, ಬಿಚ್ಚೋಕೆ ಮುಂಚೆ ಮಾಡಿ ನೋಡು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಮುಂದೆ ಹಿಂದೆ ಟಯರಿಗೆ ಕಲ್ಲು ಕೊಟ್ಟು, ಎಂಜಿನ್ ಸ್ಲೋದಲ್ಲಿ ಬಿಡು. ಕ್ಲಚ್ ಪೂರ್ತಿ ಒತ್ತಿ ಹಿಡ್ಕೊಂಡು ಹತ್ತು ಎಣಿಸು, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕು. ಶಬ್ದ ಇಲ್ದೆ ಬಿದ್ರೆ ಕ್ಲಚ್ ಬಿಡ್ತಿದೆ, ಅಂದ್ರೆ ಎಂಜಿನ್ನಿಂದ ಗೇರ್‌ಬಾಕ್ಸನ್ನ ಪೂರ್ತಿ ಬೇರೆ ಮಾಡ್ತಿದೆ ಅಂತ ಅರ್ಥ. ಹತ್ತು ಎಣಿಸಿದ ಮೇಲೂ ಗರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಪ್ಲೇಟು ಎಳೀತಿದೆ. ವರ್ಷಾನುಗಟ್ಟಲೆ ಶೆಡ್ಡಲ್ಲಿ ನಮ್ಮ ಮಲೆನಾಡಿನ ತೇವಕ್ಕೆ ನಿಂತ ಗಾಡಿ ನೋಡು, ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿರೋದು, ಪೆಡಲ್ ಅಡ್ಜಸ್ಟ್‌ಮೆಂಟ್ ತಪ್ಪಿರೋದು ಮಾಮೂಲಿ. ಅದನ್ನ ಮೊದ್ಲು ಸರಿ ಮಾಡಿಸ್ಕೋ, ಇಲ್ಲಾಂದ್ರೆ ಮುಂದೆ ನಾನು ಹೇಳೋದೆಲ್ಲ ದಂಡ. ಗೇರ್‌ಬಾಕ್ಸ್ ಬಿಚ್ಚೋ ಮಾತು ಆಮೇಲೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ನೀನು ಎಂಟು ವರ್ಷ ಪಿಕಪ್ ಓಡ್ಸಿದೀಯಲ್ಲ, ಅದೇ ತೊಂದರೆ. ಪಿಕಪ್ಪಲ್ಲಿ ಮುಂದಕ್ಕೆ ಓಡೋ ಪ್ರತಿ ಗೇರಿಗೂ ಸಿಂಕ್ರೋ ಅಂತ ಒಂದು ಹಿತ್ತಾಳೆ ರಿಂಗ್ ಇರುತ್ತೆ, ಗೇರು ಬೀಳೋಕೆ ಮುಂಚೆ ಅದು ಉಜ್ಜಿ ಎರಡೂ ಕಡೆ ಸ್ಪೀಡು ಸಮ ಮಾಡುತ್ತೆ, ನಿಂಗೆ ಗೊತ್ತೇ ಆಗಲ್ಲ. ನಿನ್ನ ತಾತನ ಕಾಲದ ಲಾರಿಗಳಲ್ಲಿ ಆ ರಿಂಗ್ ಇರ್ತಾ ಇರ್ಲಿಲ್ಲ, ಎಲ್ಲೋ ಒಂದೆರಡು ಗೇರಿಗೆ ಇದ್ರೂ ಇಷ್ಟೊತ್ತಿಗೆ ಸವೆದು ಹೋಗಿರುತ್ತೆ. ಆ ರಿಂಗ್ ಮಾಡೋ ಕೆಲಸ ಈಗ ನಿನ್ನ ಕಾಲು ಮಾಡ್ಬೇಕು.

ಓಡ್ತಿರೋ ಬಸ್ಸು ಹತ್ತಿದೀಯಾ? ಮೂಡಿಗೆರೆ ಬಸ್ಸು ಸ್ಟಾಪಲ್ಲಿ ನಿಲ್ಸದೆ ಸ್ಲೋ ಮಾಡಿದಾಗ ಎರಡು ಹೆಜ್ಜೆ ಬಸ್ ಜೊತೇಲೇ ಓಡಿ, ಅದರ ಸ್ಪೀಡೂ ನಮ್ಮ ಸ್ಪೀಡೂ ಒಂದಾದ ಮೇಲೆ ಕಂಬಿ ಹಿಡೀತೀವಿ. ನಿಂತಲ್ಲಿಂದಾನೇ ಕಂಬಿ ಹಿಡಿದ್ರೆ ಕೈ ಕಿತ್ಕೊಂಡು ಹೋಗುತ್ತೆ. ಗೇರ್‌ಬಾಕ್ಸ್ ಒಳಗೂ ಇದೇ ಕತೆ. ಒಂದು ಶಾಫ್ಟು ಹಿಂದಿನ ಟಯರಿಗೆ ಸೇರಿದ್ದು, ಗಾಡಿ ಎಷ್ಟು ಸ್ಪೀಡಲ್ಲಿದೆಯೋ ಅಷ್ಟು ತಿರುಗುತ್ತೆ, ಅದರ ಮೇಲೆ ನಿನ್ನ ಹಿಡಿತ ಇಲ್ಲ. ಅದು ಬಸ್ಸು ಅಂದ್ಕೋ. ಇನ್ನೊಂದು ಕೆಳಗಡೆ ಇರೋ ಲೇ ಶಾಫ್ಟು, ಅದು ಕ್ಲಚ್ ಮೂಲಕ ಎಂಜಿನ್ನಿಗೆ ಸೇರಿದ್ದು. ಓಡಿ ಜೊತೆ ಸೇರ್ಬೇಕಾಗಿರೋದು ಅದು. ಕ್ಲಚ್ ಒತ್ತಿದ್ರೆ ಅದಕ್ಕೂ ಎಂಜಿನ್ನಿಗೂ ಸಂಬಂಧ ಕಟ್ಟಾಗುತ್ತೆ, ಸುಮ್ನೆ ತನ್ನ ಪಾಡಿಗೆ ತಿರುಗ್ತಾ ಆಯಿಲ್ ಎಳೆತಕ್ಕೆ ನಿಧಾನ ಆಗ್ತಾ ಹೋಗುತ್ತೆ. ಅದನ್ನ ಜಾಸ್ತಿ ಸ್ಪೀಡ್ ಮಾಡ್ಬೇಕು ಅಂದ್ರೆ ಎಂಜಿನ್ ಬೇಕು, ಎಂಜಿನ್ ಬೇಕು ಅಂದ್ರೆ ಕ್ಲಚ್ ಬಿಡಬೇಕು. ಇಷ್ಟು ತಲೇಲಿ ಕೂತ್ರೆ ಡಬಲ್ ಕ್ಲಚ್, ಅಂದ್ರೆ ಒಂದು ಗೇರು ಬದಲಾಯ್ಸೋಕೆ ಎರಡು ಸಲ ಕ್ಲಚ್ ಒತ್ತೋದು, ಮಂತ್ರ ಅನ್ಸಲ್ಲ.

ಲೆಕ್ಕದಲ್ಲಿ ನೋಡು. ಟಯರಿಗೆ ಸೇರಿದ ಶಾಫ್ಟು ಒಂದು ಸುತ್ತು ತಿರುಗೋಕೆ ಎಂಜಿನ್ ಎಷ್ಟು ಸುತ್ತು ತಿರುಗ್ಬೇಕೋ ಅದೇ ಗೇರಿನ ಅನುಪಾತ. ಟಾಪ್ ಅಂದ್ರೆ ನಾಲ್ಕನೇ ಗೇರಿನ ಅನುಪಾತ 1, ಥರ್ಡಿಂದು 1.7 ಅಂತ ಇಟ್ಕೋ, ನಿನ್ನ ಗಾಡೀಲಿ ಸ್ವಲ್ಪ ಬೇರೆ ಇರಬಹುದು. ಥರ್ಡಲ್ಲಿ ಎಂಜಿನ್ ನಿಮಿಷಕ್ಕೆ 1700 ಸುತ್ತಲ್ಲಿದ್ದಾಗ ಟಾಪಿಗೆ ಹಾಕ್ಬೇಕು ಅಂದ್ರೆ ಎಂಜಿನ್ 1000ಕ್ಕೆ ಇಳೀಬೇಕು. ಅದು ಇಳಿಯೋವರೆಗೂ ಕಾಯ್ಬೇಕು, ಅಷ್ಟೆ. ಅದೇ ಟಾಪಲ್ಲಿ 1000ದಲ್ಲಿ ಹೋಗ್ತಾ ಏರು ಬಂತು, ಥರ್ಡಿಗೆ ಇಳಿಸ್ಬೇಕು, ಆಗ ಎಂಜಿನ್ 1700ಕ್ಕೆ ಏರಬೇಕು. ಅದು ತಾನಾಗಿ ಏರುತ್ತಾ? ಏರಲ್ಲ. ಕಾಯ್ತಾ ಕೂತ್ರೆ ಇನ್ನೂ ಇಳಿಯುತ್ತೆ. ಅದಕ್ಕೇ ನಿಂಗೆ ಮೇಲಕ್ಕೆ ಹಾಕೋದು ಹೆಂಗೋ ಆಗ್ತಿರೋದು, ಕೆಳಕ್ಕೆ ಇಳಿಸೋದು ಆಗ್ದೇ ಇರೋದು.

ಈಗ ಕಾಲಿನ ಕೆಲಸ. ಮೇಲಿನ ಗೇರಿಗೆ: ಎಕ್ಸಿಲೇಟರ್ ಬಿಟ್ಟು ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು, ಕ್ಲಚ್ ಬಿಡು, ಎಂಜಿನ್ ಶಬ್ದ ಇಳಿಯೋದು ಕೇಳಿಸ್ಕೋ, ಮತ್ತೆ ಕ್ಲಚ್ ಒತ್ತಿ ಗೇರು ಹಾಕು. ಕೆಳಗಿನ ಗೇರಿಗೆ: ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು, ಕ್ಲಚ್ ಬಿಡು, ಈಗ ಬಲಗಾಲಲ್ಲಿ ಒಂದು ರೇಸ್ ಕೊಡು, ಶಬ್ದ ಮೇಲೇರಿದ ಕೂಡ್ಲೇ ಕ್ಲಚ್ ಒತ್ತಿ ಗೇರು ಹಾಕು. ಆ ರೇಸು ಕ್ಲಚ್ ಬಿಟ್ಟಿರೋವಾಗಲೇ ಕೊಡ್ಬೇಕು, ಒತ್ಕೊಂಡು ಕೊಟ್ರೆ ಎಂಜಿನ್ ಒಂದೇ ಕೂಗುತ್ತೆ, ಒಳಗಿನ ಶಾಫ್ಟಿಗೆ ಏನೂ ಮುಟ್ಟಲ್ಲ. ಹೊಸಬ್ರು ನೂರಕ್ಕೆ ತೊಂಬತ್ತು ಜನ ತಪ್ಪೋದು ಇಲ್ಲೇ, ನಾನೂ ಇಲ್ಲೇ ತಪ್ಪಿದ್ದು.

ನಾನು ಕಲ್ತಿದ್ದೂ ಫಾರ್ಗೋದಲ್ಲೇ ಕಣಪ್ಪ. ಬಾಂಬೆ ಪ್ರೀಮಿಯರ್ ಕಂಪನಿ ಅಮೆರಿಕದ ಕ್ರೈಸ್ಲರ್ ಜೊತೆ ಸೇರಿ ಇಲ್ಲಿ ಜೋಡಿಸ್ತಿದ್ದ ಗಾಡಿ ಅದು, ಅದೇ ಲಾರಿಗೆ ಡಾಡ್ಜ್ ಅಂತಾನೂ ಹೆಸರು, ಫಾರ್ಗೋ ಅಂತಾನೂ ಹೆಸರು. ಟಾಟಾದವರು ಬೆಂಜ್ ಕಂಪನಿ ಜೊತೆ 1954ರಲ್ಲಿ ಸೇರ್ಕೊಂಡು ಡೀಸೆಲ್ ಲಾರಿ ತಂದ ಮೇಲೆ ಘಾಟಿ ರೋಡಲ್ಲಿ ನಿಧಾನಕ್ಕೆ ಅದೇ ರಾಜ ಆಯ್ತು. ಆದ್ರೂ ತೋಟದವರು ಹಳೇ ಫಾರ್ಗೋನ ಬಿಡ್ತಾ ಇರ್ಲಿಲ್ಲ, ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸ್ಕೊಂಡು ಓಡಿಸೋರು. ನಾನು ಅಂಥಾ ಒಂದು ಗಾಡೀಲಿ ಕ್ಲೀನರ್ ಆಗಿದ್ದೆ, ಬಾಳೆಹೊನ್ನೂರು ಕಡೆ ತೋಟಗಳಿಂದ ಚಿಕ್ಕಮಗಳೂರು ಕ್ಯೂರಿಂಗಿಗೆ, ಅಂದ್ರೆ ಒಣಗಿದ ಕಾಫಿ ಸಿಪ್ಪೆ ತೆಗೆದು ಬೀಜ ಹಸನು ಮಾಡೋ ಕಾರ್ಖಾನೆಗೆ, ಕಾಫಿ ಮೂಟೆ ಹೊಡೆಯೋದು. ಡ್ರೈವರ್ರು ಸಾಬರು, ಯಾವಾಗ್ಲೂ ಬಾಯಲ್ಲಿ ಎಲೆಅಡಿಕೆ. ಮೂರು ತಿಂಗಳು ನಂಗೆ ಸ್ಟೇರಿಂಗ್ ಮುಟ್ಟೋಕೆ ಬಿಡ್ಲಿಲ್ಲ. ಪಕ್ಕದಲ್ಲಿ ಕೂತ್ಕೊಂಡು ಕಣ್ಣು ಮುಚ್ಕೊಂಡು ಎಂಜಿನ್ ಶಬ್ದ ಕೇಳಿ "ಈಗ" ಅಂತ ಹೇಳ್ಬೇಕಿತ್ತು, ನಾನು ಈಗ ಅಂದಾಗ ಅವರು ಗೇರು ಹಾಕೋರು, ತಪ್ಪಿದ್ರೆ ಗರ್ ಅನ್ನೋದು, ತಲೆ ಮೇಲೆ ಒಂದು ಮೊಟಕು ಬೀಳೋದು. ಮೇಲಿನ ಗೇರಿಗೆ ನ್ಯೂಟ್ರಲಲ್ಲಿ ಎಷ್ಟು ಕಾಯ್ಬೇಕು ಸಾಬ್ರೆ ಅಂದ್ರೆ ಎಲೆ ಒಂದ್ಸಲ ಅಗಿಯೋಷ್ಟು ಕಣೋ ಅನ್ನೋರು. ನಾನು ಎಲೆ ಹಾಕಲ್ಲ, ಆದ್ರೆ ಇವತ್ತಿಗೂ ಹಳೇ ಲಾರಿ ಹತ್ತಿದ್ರೆ ದವಡೆ ತಾನಾಗಿ ಒಂದ್ಸಲ ಆಡುತ್ತೆ.

ಆ ಒಂದು ಅಗಿತ ಎಲ್ಲಾ ಹೊತ್ತಿಗೂ ಒಂದೇ ಅಲ್ಲ, ಇದು ಸಾಬ್ರು ಬಾಯ್ಬಿಟ್ಟು ಹೇಳ್ಲಿಲ್ಲ, ನಾನೇ ಕಂಡ್ಕೊಂಡಿದ್ದು. ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ ಮಂಜಲ್ಲಿ ಗಾಡಿ ತೆಗೀತೀಯಲ್ಲ, ಆಗ ಗೇರ್‌ಬಾಕ್ಸಲ್ಲಿರೋ 90 ನಂಬರ್ ಆಯಿಲ್ಲು ಜೋನಿ ಬೆಲ್ಲ ಇದ್ದಂಗೆ ಇರುತ್ತೆ, ನ್ಯೂಟ್ರಲಲ್ಲಿ ಒಳಗಿನ ಶಾಫ್ಟು ಬೇಗ ನಿಧಾನ ಆಗಿಬಿಡುತ್ತೆ, ಕಾಯೋ ಹೊತ್ತು ಕಮ್ಮಿ. ಹತ್ತು ಹದಿನೈದು ಕಿಲೋಮೀಟರ್ ಓಡಿ ಬಿಸಿ ಆದ ಮೇಲೆ ಆಯಿಲ್ಲು ನೀರಾಗುತ್ತೆ, ಕಾಯೋ ಹೊತ್ತು ಜಾಸ್ತಿ. ಏರಲ್ಲಿ ಮೇಲಿನ ಗೇರಿಗೆ ಹಾಕೋವಾಗ ನೀನು ನ್ಯೂಟ್ರಲಲ್ಲಿ ಇರೋವಷ್ಟರಲ್ಲೇ ಗಾಡಿ ಸ್ಪೀಡ್ ಬಿದ್ದೋಗಿರುತ್ತೆ, ಎಂಜಿನ್ ಇನ್ನೂ ಜಾಸ್ತಿ ಇಳೀಬೇಕು, ಅದು ಇಳಿಯೋವಷ್ಟರಲ್ಲಿ ಗಾಡಿ ನಿಂತೇ ಹೋಗಬಹುದು. ಅದಕ್ಕೆ ಲೋಡು ಇದ್ದಾಗ ಏರಲ್ಲಿ ಮೇಲಿನ ಗೇರಿನ ಆಸೆ ಬಿಡು, ತಗ್ಗು ಬರೋವರೆಗೂ ಇರೋ ಗೇರಲ್ಲೇ ಹೋಗು. ಇಳಿಜಾರಲ್ಲಿ ಕೆಳಗಿನ ಗೇರಿಗೆ ಬರೋದು ಇದರ ಉಲ್ಟಾ, ನ್ಯೂಟ್ರಲ್ ಮಾಡಿದ ತಕ್ಷಣ ಗಾಡಿ ಸ್ಪೀಡ್ ಏರುತ್ತೆ, ರೇಸು ಇನ್ನೂ ಜಾಸ್ತಿ ಬೇಕು.

ನಾನು ಮೊದಲ ಸಲ ಲೋಡ್ ಗಾಡಿ ಹಿಡಿದ ದಿನ ಇದನ್ನೆಲ್ಲ ಮರ್ತು ಒಂದು ಏರಲ್ಲಿ, ಸುತ್ತ ಸಿಲ್ವರ್ ಓಕು, ಒಂದ್ಕಡೆ ಕೊರಕಲು, ಥರ್ಡಿಂದ ಸೆಕೆಂಡ್ ಹಾಕೋಕೆ ಹೋಗಿ ಬೀಳ್ಲಿಲ್ಲ, ಇನ್ನೊಂದ್ಸಲ ಹಾಕ್ದೆ ಬೀಳ್ಲಿಲ್ಲ, ಅಷ್ಟೊತ್ತಿಗೆ ಗಾಡಿ ಹಿಂದಕ್ಕೆ ಹೊರಟಿತ್ತು. ಸಾಬ್ರು ಹ್ಯಾಂಡ್‌ಬ್ರೇಕ್ ಎಳೆದ್ರು, ನಾನು ಬ್ರೇಕ್ ಮೇಲೆ ನಿಂತೇ ಬಿಟ್ಟಿದ್ದೆ, ಮೂಟೆ ಮೇಲೆ ಕೂತಿದ್ದ ಹುಡುಗ ಹಾರಿ ಕಲ್ಲು ಕೊಟ್ಟ. ಗಾಡಿ ನಿಂತ್ಮೇಲೆ ಸಾಬ್ರು ಬೈತಾರೆ ಅಂದ್ಕೊಂಡ್ರೆ ಹೊರಗೆ ಉಗಿದು ಬಂದು, "ಬೀಳ್ಲಿಲ್ಲ ಅಂದ್ರೆ ಎರಡನೇ ಸಲ ಗುದ್ದಬಾರ್ದು, ಅಲ್ಲೇ ಬ್ರೇಕ್ ಹಿಡಿದು ನಿಲ್ಸಿ ಫಸ್ಟಿಂದ ಎತ್ಬೇಕು" ಅಂದ್ರು. ನಿಲ್ಸಿ ಫಸ್ಟಿಂದ ಎತ್ತೋಕೆ ನಾಚ್ಕೋತಿದೀಯಲ್ಲ ತಮ್ಮಾ, ಲೈನ್ ಮನೆ ಹುಡುಗ್ರು ನಗ್ಲಿ ಬಿಡು. ಏರಲ್ಲಿ ನಾಚಿಕೆ ಪಟ್ಟೋರು ಕೊರಕಲಲ್ಲಿ ಸಿಕ್ತಾರೆ.

ಕಲಿಯೋ ಕ್ರಮ ಅಂತ ಕೇಳಿದ್ರೆ, ಮೊದಲ ವಾರ ಕಣದಲ್ಲೇ ಓಡ್ಸು, ಕಾಫಿ ಒಣಗಾಕೋಕೆ ಮುಂಚೆ. ಖಾಲಿ ಗಾಡೀನ ಸೆಕೆಂಡಲ್ಲೇ ಎತ್ತು, ಈ ನಾಲ್ಕು ಗೇರಿನ ಲಾರಿಗಳಲ್ಲಿ ಫಸ್ಟು ತುಂಬಾ ಗಿಡ್ಡ, ಲೋಡು ಇದ್ದಾಗ, ಕೆಸರಲ್ಲಿ, ಏರಲ್ಲಿ ಎತ್ತೋಕೆ ಅಂತ ಇರೋದು, ಫಸ್ಟಿಂದ ಸೆಕೆಂಡಿಗೆ ಅಂತರ ಜಾಸ್ತಿ ಇರೋದ್ರಿಂದ ಹೊಸಬ್ರಿಗೆ ಅದೇ ಕಷ್ಟದ ಗೇರು. ಸೆಕೆಂಡ್ ಥರ್ಡ್, ಥರ್ಡ್ ಸೆಕೆಂಡ್, ಇಷ್ಟನ್ನೇ ನೂರು ಸಲ ಮಾಡು. ಕೈ ಸಡಿಲ ಇರ್ಲಿ, ಗೇರ್ ರಾಡನ್ನ ಮುಷ್ಟಿ ಕಟ್ಟಿ ಹಿಡಿದ್ರೆ ಒಳಗಡೆ ಹಲ್ಲು ಏನು ಹೇಳ್ತಿದೆ ಅಂತ ಕೈಗೆ ಗೊತ್ತಾಗಲ್ಲ, ಎರಡು ಬೆರಳಲ್ಲಿ ಮೆಲ್ಲಗೆ ಬಾಗಿಲು ತಟ್ಟಿದಂಗೆ ಒತ್ತು, ಸ್ಪೀಡ್ ಸಮ ಆದ ಹೊತ್ತಿಗೆ ರಾಡು ತಾನೇ ಒಳಗೆ ಜಾರುತ್ತೆ. ಮೊದಲನೇ ಸಲ ಹಂಗೆ ಜಾರಿದಾಗ ನೀನೇ ಒಂದು ಕಾಗದ ಬರೀತೀಯ ನಂಗೆ.

ಇನ್ನೊಂದು. ಕೆಲವು ಹಳೇ ಡ್ರೈವರ್ರು ಕ್ಲಚ್ ಮುಟ್ಟದೇನೇ ಗೇರು ಹಾಕಿ ತೋರಿಸ್ತಾರೆ, ಸ್ಪೀಡ್ ಸರಿಯಾಗಿ ಸಮ ಮಾಡಿದ್ರೆ ಅದೂ ಆಗುತ್ತೆ, ಸುಳ್ಳಲ್ಲ. ನೀನು ಮಾತ್ರ ಮಾಡೋಕೆ ಹೋಗ್ಬೇಡ, ಫಾರ್ಗೋ ಗೇರಿನ ಹಲ್ಲು ಈಗ ಅಂಗಡೀಲಿ ಸಿಗಲ್ಲ.

ಪ್ರಶ್ನೆ: ಸಕಲೇಶಪುರದಿಂದ ಬರೀತಿದೀನಿ. ನಮ್ಮನೆಯವರು ಹಳೇ ಟಾಟಾ ಲಾರಿ ರಿಪೇರಿ ಮಾಡಿಸಿದಾರೆ, ಧರ್ಮಸ್ಥಳಕ್ಕೆ ಅದರಲ್ಲೇ ಹೋಗೋಣ ಅಂತ ಕುಣೀತಿದಾರೆ. ಶಿರಾಡಿ ಇಳಿಯೋವಾಗ ನ್ಯೂಟ್ರಲ್ ಮಾಡಿದ್ರೆ ಡೀಸೆಲ್ ಉಳಿಯುತ್ತೆ, ಬ್ರೇಕ್ ಇದ್ಯಲ್ಲ ಅಂತಾರೆ. ನಂಗೆ ಭಯ. ನನ್ನ ಭಯ ಸರಿನಾ ತಪ್ಪಾ?

ಉತ್ತರ: ಅಕ್ಕಾ, ನಿಮ್ಮ ಭಯ ನೂರಕ್ಕೆ ನೂರು ಸರಿ. ಈ ಪುಟ ಹರಿದು ಅವರ ಊಟದ ತಟ್ಟೆ ಪಕ್ಕ ಇಡಿ.

ಏರೋವಾಗ ಯಾವ ಗೇರು ಬೇಕಾಗುತ್ತೋ ಇಳಿಯೋವಾಗಲೂ ಅದೇ ಗೇರು, ಇದು ಘಾಟಿಯ ಹಳೇ ಕಾನೂನು. 1979ರಲ್ಲಿ ಹಾಸನ ಮಂಗಳೂರು ರೈಲು ಆಗೋಕೆ ಮುಂಚೆ ಸಾಮಾನೆಲ್ಲಾ ಲಾರೀಲೇ ಇಳೀತಿದ್ದ ಕಾಲದ ಡ್ರೈವರ್ರು ಯಾರಾದ್ರೂ ಸಿಕ್ಕಿದ್ರೆ ಕೇಳಿ, ಎಲ್ಲರೂ ಇದನ್ನೇ ಹೇಳ್ತಾರೆ. ಗೇರಲ್ಲಿದ್ರೆ ಎಂಜಿನ್ನೇ ಗಾಡೀನ ಹಿಡಿದು ಇಳಿಸುತ್ತೆ. ನ್ಯೂಟ್ರಲ್ ಮಾಡಿದ್ರೆ ಇಡೀ ಭಾರ ಬ್ರೇಕ್ ಡ್ರಮ್ಮಿನ ಮೇಲೆ. ಡ್ರಮ್ ಕಾದು ಹಿಗ್ಗುತ್ತೆ, ಶೂ ದೂರ ಆಗುತ್ತೆ, ಲೈನಿಂಗ್ ಹಿಡಿಯೋ ಶಕ್ತಿ ಕಳ್ಕೊಳ್ಳುತ್ತೆ, ಬ್ರೇಕ್ ಆಯಿಲ್ ಇರೋ ಗಾಡೀಲಿ ಆಯಿಲ್ಲೂ ಕುದಿಯುತ್ತೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತೆ. ಆಗ ಗೇರು ಹಾಕೋಣ ಅಂದ್ರೆ? ಮೇಲಿನ ತಮ್ಮನಿಗೆ ಹೇಳಿದ ಲೆಕ್ಕ ನೋಡಿ, ನ್ಯೂಟ್ರಲಲ್ಲಿ ಗಾಡಿ ಓಟ ಹಿಡಿದ ಮೇಲೆ ಹಳೇ ಗೇರ್‌ಬಾಕ್ಸಲ್ಲಿ ಸೆಕೆಂಡ್ ಬೀಳ್ಬೇಕು ಅಂದ್ರೆ ಎಂಜಿನ್ ತನ್ನ ಶಕ್ತಿ ಮೀರಿ ಕೂಗ್ಬೇಕು. ಬೀಳೋದೇ ಇಲ್ಲ. ಇನ್ನು ಎಂಜಿನ್ನೇ ಆಫ್ ಮಾಡಿ ಇಳಿಯೋ ಮಹಾನುಭಾವರೂ ಇದಾರೆ, ಬ್ರೇಕಿಗೆ ಬೇಕಾದ ಗಾಳಿನೋ ವ್ಯಾಕ್ಯೂಮ್ಮೋ ಎಂಜಿನ್ನಿಂದಾನೇ ಹುಟ್ಟೋದು ಅನ್ನೋದು ಅವರಿಗೆ ಮರ್ತೋಗಿರುತ್ತೆ.

ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿನಷ್ಟು ತಾನಾಗಿ ಹಿಡಿಯಲ್ಲ, ಅದರ ಗಾಳಿ ದಾರೀಲಿ ಮುಚ್ಚೋ ಬಾಗಿಲು ಇರಲ್ಲ, ಅದಕ್ಕೇ ಆಮೇಲಿನ ಲಾರಿಗಳಿಗೆ ಹೊಗೆ ಹೋಗೋ ದಾರಿ ಮುಚ್ಚಿ ಎಂಜಿನ್ನನ್ನ ಹಿಡಿಯೋ ಎಕ್ಸಾಸ್ಟ್ ಬ್ರೇಕ್ ಅಂತ ಬಂದಿದ್ದು. ಹಳೇದರಲ್ಲಿ ಅದು ಇಲ್ಲಾಂದ್ರೆ ಒಂದು ಗೇರು ಇನ್ನೂ ಕೆಳಗೇ ಇರ್ಲಿ. ಘಾಟಿ ಶುರು ಆಗೋ ಮುಂಚೆ, ಸಮತಟ್ಟಲ್ಲಿ ಇರೋವಾಗಲೇ ಆ ಗೇರಿಗೆ ಬಂದುಬಿಡ್ಬೇಕು, ಮಾರನಹಳ್ಳಿ ದಾಟಿ ತಿರುವು ಶುರುವಾದ ಮೇಲೆ ಯೋಚ್ನೆ ಮಾಡೋದಲ್ಲ. ಬ್ರೇಕನ್ನ ಒಂದೇ ಸಮ ತುಳ್ಕೊಂಡು ಇಳೀಬಾರ್ದು, ಗಟ್ಟಿಯಾಗಿ ಹಿಡಿದು ಸ್ಪೀಡ್ ಇಳಿಸಿ ಪೂರ್ತಿ ಬಿಡಬೇಕು, ಡ್ರಮ್ಮಿಗೆ ಉಸಿರಾಡೋಕೆ ಬಿಡಬೇಕು. ಸುಟ್ಟ ವಾಸನೆ ಬಂದ್ರೆ ಅಗಲ ಇರೋ ಕಡೆ ನಿಲ್ಸಿ, ಟಯರಿಗೆ ಕಲ್ಲು ಕೊಟ್ಟು, ಅರ್ಧ ಗಂಟೆ ಕೂತ್ಕೊಳ್ಳಿ, ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋಗಿರಿ ಅದಕ್ಕೆ. ಕಾದ ಡ್ರಮ್ಮಿಗೆ ನೀರು ಹುಯ್ದು ತಣ್ಣಗೆ ಮಾಡೋಕೆ ಹೋದ್ರೆ ಬಿರುಕು ಬಿಡುತ್ತೆ. ಮತ್ತೆ ಎದುರು ಏರಿ ಬರ್ತಿರೋ ಗಾಡಿಗೆ ದಾರಿ ಬಿಡೋದು ಇಳಿಯೋರ ಕೆಲಸ, ಇದು ರಸ್ತೆ ನಿಯಮದಲ್ಲೇ ಇದೆ, ಲೋಡ್ ಗಾಡಿ ಏರಲ್ಲಿ ಒಂದ್ಸಲ ನಿಂತ್ರೆ ಮತ್ತೆ ಎತ್ತೋ ಕಷ್ಟ ಎತ್ತಿದವನಿಗೇ ಗೊತ್ತು.

ಇನ್ನು ಧರ್ಮಸ್ಥಳಕ್ಕೆ, ನನ್ನ ಕೇಳಿದ್ರೆ, ನೀವು ಬಸ್ಸಲ್ಲಿ ಹೋಗಿ. ಅವರು ಮೊದ್ಲು ಬೇಲೂರವರೆಗೆ ನಾಲ್ಕು ಸಲ ಓಡಿಸ್ಲಿ.

ಪ್ರಶ್ನೆ: ಹಾಸನದ ಓದುಗ. ನನ್ನ ಹಳೇ ಗಾಡೀಲಿ ಇಳಿಜಾರಲ್ಲಿ ಎಕ್ಸಿಲೇಟರ್ ಬಿಟ್ಟ ತಕ್ಷಣ ಥರ್ಡ್ ಗೇರು ತಾನೇ ಕಿತ್ಕೊಂಡು ನ್ಯೂಟ್ರಲ್ಲಿಗೆ ಬರುತ್ತೆ. ಕೈಲಿ ಒತ್ತಿ ಹಿಡ್ಕೊಂಡು ಓಡಿಸ್ತಿದೀನಿ. ಗಟ್ಟಿ ಆಯಿಲ್ ಹಾಕಿದ್ರೆ ಸರಿ ಹೋಗುತ್ತಾ?

ಉತ್ತರ: ಹೋಗಲ್ಲ ಸ್ವಾಮಿ. ಗೇರ್ ಹಲ್ಲಿನ ಅಂಚು ಸವೆದಿರಬಹುದು, ಒಳಗೆ ರಾಡನ್ನ ಹಿಡಿಯೋ ಗುಂಡು ಸ್ಪ್ರಿಂಗು ಸೋತಿರಬಹುದು, ಬೇರಿಂಗ್ ಆಡ್ತಿರಬಹುದು, ಗೇರ್‌ಬಾಕ್ಸ್ ಕೂರೋ ಬೋಲ್ಟೇ ಸಡಿಲ ಇರಬಹುದು. ಬೋಲ್ಟು, ಆಮೇಲೆ ಸ್ಪ್ರಿಂಗು, ಈ ಕ್ರಮದಲ್ಲಿ ನೋಡಿಸಿ, ಕಮ್ಮಿ ಖರ್ಚಿನದು ಮೊದ್ಲು. ಕೈಲಿ ಒತ್ತಿ ಹಿಡಿದ್ರೆ ಒಳಗೆ ಗೇರನ್ನ ಸರಿಸೋ ಫೋರ್ಕ್ ಸವೆಯುತ್ತೆ, ಒಂದು ರಿಪೇರಿ ಎರಡಾಗುತ್ತೆ. ಅಲ್ಲೀವರೆಗೆ ಘಾಟಿ ಬೇಡ, ಇಳಿಜಾರಲ್ಲಿ ಗೇರು ಕಿತ್ಕೊಂಡ್ರೆ ಏನಾಗುತ್ತೆ ಅಂತ ಮೇಲೆ ಅಕ್ಕನಿಗೆ ಬರೆದಿದೀನಿ. ಆಯಿಲ್ ವಿಷಯ ಬಂತು ಅಂತ ಹೇಳ್ತೀನಿ, ಒಳಗೆ ಹಿತ್ತಾಳೆ ಕಂಚಿನ ಭಾಗ ಇರೋ ಹಳೇ ಬಾಕ್ಸಿಗೆ 90 ನಂಬರಲ್ಲಿ ಜಿಎಲ್-4 ಅಂತ ಡಬ್ಬಿ ಮೇಲೆ ಇರೋದು ಹಾಕಿ, ಅಂಗಡಿಯವರು ಜಿಎಲ್-5 ಕೊಟ್ಟು ಇದು ಇನ್ನೂ ಒಳ್ಳೇದು ಅಂತಾರೆ, ಅದರಲ್ಲಿರೋ ಕೆಮಿಕಲ್ ಕೆಲವು ಸಲ ಹಿತ್ತಾಳೆ ತಿನ್ನುತ್ತೆ.

ಪ್ರಶ್ನೆ: ನಂಗೆ ಹತ್ತೊಂಬತ್ತು ವರ್ಷ, ಕಡೂರು. ಕಾರ್ ಲೈಸೆನ್ಸ್ ಹೋದ ತಿಂಗಳು ಬಂತು. ಲಾರಿ ಎಲ್ಎಲ್ (ಕಲಿಯೋರ ಲೈಸೆನ್ಸ್) ಈಗ್ಲೇ ಮಾಡಿಸ್ಬಹುದಾ?

ಉತ್ತರ: ಆಗಲ್ಲ ಮರಿ. ಟ್ರಾನ್ಸ್‌ಪೋರ್ಟ್ ಗಾಡಿಗೆ ಇಪ್ಪತ್ತು ತುಂಬಿರಬೇಕು, ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು, 1988ರ ಮೋಟಾರು ವಾಹನ ಕಾಯ್ದೇಲೇ ಇದೆ. ಅಲ್ಲೀವರೆಗೆ ಯಾರಾದ್ರೂ ಹಳೇ ಡ್ರೈವರ್ ಪಕ್ಕ ಕೂತ್ಕೊಂಡು ಕಣ್ಣು ಮುಚ್ಚಿ "ಈಗ" ಅನ್ನೋದು ಪ್ರಾಕ್ಟೀಸ್ ಮಾಡು, ಅದಕ್ಕೆ ಲೈಸೆನ್ಸ್ ಬೇಡ. ಮೊಟಕು ಬಿದ್ರೆ ನನ್ನ ಕೇಳ್ಬೇಡ.